‘ಬಿಸಾಕಿ, ಹೊಸದು ಹಾಕ್ಸಿ’ ಅನ್ನುವವರಿಗೆ

‘ಒಡೆದ ಪ್ಲಾಸ್ಟಿಕ್ ಕೂಡಲ್ಲ ಸಾರ್, ಹೊಸದು ಹಾಕ್ಸಿಬಿಡಿ.’ ಶೋರೂಮಿನ ಸರ್ವಿಸ್ ಅಡ್ವೈಸರ್ ಇದನ್ನು ಕಂಪ್ಯೂಟರ್ ಪರದೆ ನೋಡಿಕೊಂಡೇ ಹೇಳುತ್ತಾನೆ. ಮೂಲೆಯಂಗಡಿಯ ಮೆಕ್ಯಾನಿಕ್ ಸ್ಪ್ಯಾನರ್ ಒರೆಸುತ್ತ ಹೇಳುತ್ತಾನೆ. ಇನ್ಶೂರೆನ್ಸ್ ಸರ್ವೇಯರ್ ಬಾಯಿಬಿಟ್ಟು ಹೇಳದೆ ಫಾರಂ ತುಂಬಿ ಹೇಳುತ್ತಾನೆ. ಕೇಳಿ ಕೇಳಿ ಬೈಕಿನ ಯಜಮಾನನಿಗೂ ಅದೇ ಬಾಯಿಪಾಠವಾಗಿದೆ. ಫೇರಿಂಗಿನ ಒಂದು ಲಾಕ್ ಮುರಿದರೆ ಇಡೀ ಪ್ಯಾನೆಲ್ ಗುಜರಿಗೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಈ ಪದ್ಧತಿಗೆ ಜನ ‘ಪ್ರಾಕ್ಟಿಕಲ್’ ಎಂದು ಹೆಸರಿಟ್ಟಿದ್ದಾರೆ. ನನ್ನ ತಕರಾರು ಇರುವುದು ಇದರ ಮೇಲೆಯೇ. ಈ ಮಾತು ವಸ್ತುವಿನ ಗುಣದ ದೃಷ್ಟಿಯಿಂದ ಸುಳ್ಳು. ಹಳೇ ಬೈಕಿನ ಮಟ್ಟಿಗೆ ಹೇಳುವುದಾದರೆ ಹಾನಿಕರವೂ ಹೌದು.

ಹಳೇ ಬೈಕು ಎಂದರೆ ಯಾವುದು? ಬುಲೆಟ್, ಯೆಜ್ಡಿ, ಆರ್‌ಎಕ್ಸ್ 100ಗಳ ಮಾತಲ್ಲ ಇದು. ಅವುಗಳ ಮೈ ಬಹುಮಟ್ಟಿಗೆ ತಗಡು. ನಮ್ಮ ರಸ್ತೆಗಳಲ್ಲಿ ಫೇರಿಂಗ್ ಎಂಬ ಪ್ಲಾಸ್ಟಿಕ್ ಅಂಗಿ ಹುಡುಗರ ಹುಚ್ಚಾಗಿದ್ದು 2003ರಲ್ಲಿ ಹೀರೋ ಹೋಂಡಾದ 223 ಸಿಸಿ ಕರಿಜ್ಮಾ ಬಂದ ಮೇಲೆ. ಆಮೇಲೆ 2007ರಲ್ಲಿ ಪಲ್ಸರ್ 220, 2008ರಲ್ಲಿ ಯಮಹಾ ಆರ್15, 2009ರಲ್ಲಿ ಮೈತುಂಬ ಫೇರಿಂಗ್ ಹೊದ್ದ ಕರಿಜ್ಮಾ ಜೆಡ್‌ಎಂಆರ್. ಆಗ ಕಾಲೇಜು ಮುಗಿಸುತ್ತಿದ್ದವರಿಗೆ ಈಗ ತಲೆ ನರೆತಿದೆ. 2003ರ ಕರಿಜ್ಮಾದ ಆರ್‌ಸಿ 15 ವರ್ಷ ತುಂಬಿ 2018ರಲ್ಲೇ ನವೀಕರಣಕ್ಕೆ ಬಂತು. ಐದು ವರ್ಷಕ್ಕೊಮ್ಮೆಯಂತೆ 2023ರಲ್ಲಿ ಮತ್ತೆ ಬಂತು. ಹೀರೋ ಮತ್ತು ಹೋಂಡಾ ಬೇರೆಯಾಗಿಯೇ ದಶಕ ಮೀರಿತು. ಎಂಜಿನ್ ಇನ್ನೂ ಗಟ್ಟಿಮುಟ್ಟಾಗಿದೆ, ಆರ್‌ಟಿಒ ಕೂಡ ಓಡಿಸಿಕೋ ಎಂದಿದೆ. ‘ಇದರ ಕಾಲ ಮುಗೀತು’ ಎಂದು ತೀರ್ಪು ಕೊಡುವುದು ಮಾತ್ರ ಸೀಳುಬಿಟ್ಟ ಎಡಗಡೆಯ ಪ್ಯಾನೆಲ್.

ಉಕ್ಕಿನ ವಿಷಯದಲ್ಲಿ ನಾವು ಹೀಗೆ ಯೋಚಿಸಿದವರೇ ಅಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು, ಆದರೂ ಯೆಜ್ಡಿಯ ಟ್ಯಾಂಕು ತಗ್ಗಾದರೆ ಎತ್ತಿ ಕೊಡುವ ಟಿಂಕರ್‌ಗಳು ಮಂಡ್ಯದಲ್ಲೂ ಸಿಗುತ್ತಾರೆ, ಹುಬ್ಬಳ್ಳಿಯಲ್ಲೂ ಸಿಗುತ್ತಾರೆ. ಬಜಾಜ್ ಚೇತಕ್‌ನ ಮಗ್ಗುಲ ಡಬ್ಬಿ ನುಗ್ಗಾದಾಗ ‘ಬಿಸಾಕಿ’ ಎಂದು ಯಾರೂ ಹೇಳುತ್ತಿರಲಿಲ್ಲ. ಒಂದೂವರೆ ಸಾವಿರ ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಕರಗುವ ಉಕ್ಕಿಗೆ ರಸ್ತೆ ಬದಿಯಲ್ಲಿ ಕೂತು ಬೆಸುಗೆ ಹಾಕುವುದು ನಮಗೆ ದಿನನಿತ್ಯದ ಕೆಲಸ. ಇನ್ನೂರೈವತ್ತು ಡಿಗ್ರಿಯೊಳಗೆ ಮೇಣದಂತಾಗುವ ಪ್ಲಾಸ್ಟಿಕ್ಕಿಗೆ ಬಂದೊಡನೆ ಅದು ಅಸಾಧ್ಯವಾಗಿಬಿಡುತ್ತದೆ!

ಅಸಾಧ್ಯ ಎನ್ನುವವರಿಗೆ ಊರೂರು ತಿರುಗುವ ಕೊಡ ರಿಪೇರಿಯವನ ನೆನಪೂ ಇದ್ದಂತಿಲ್ಲ. ಕಾದ ಕಬ್ಬಿಣದ ಪಟ್ಟಿ, ಹಳೇ ಕೊಡದ ನಾಲ್ಕು ಚೂರು, ಇಷ್ಟೇ ಅವನ ಬಂಡವಾಳ. ಸೀಳಿದ ಪ್ಲಾಸ್ಟಿಕ್ ಕೊಡದ ತಳಕ್ಕೆ ಅದೇ ಜಾತಿಯ ಪ್ಲಾಸ್ಟಿಕ್ ಕರಗಿಸಿ ತಿಕ್ಕಿ ಕೊಡುತ್ತಿದ್ದ, ಮಾರನೇ ದಿನ ಅದೇ ಕೊಡ ನೀರು ತುಂಬಿಕೊಂಡು ಸೊಂಟದ ಮೇಲೆ ಬರುತ್ತಿತ್ತು. ಅಂದವಾಗಿರಲಿಲ್ಲ, ಒಪ್ಪಿದೆ. ಆದರೆ ಸೋರುತ್ತಿರಲಿಲ್ಲ. ಪ್ಲಾಸ್ಟಿಕ್ ವೆಲ್ಡಿಂಗ್ ಎಂದು ದೊಡ್ಡ ಹೆಸರಿನಿಂದ ಕರೆಯುವ ವಿದ್ಯೆಯ ತಿರುಳು ಇದೇ: ಅದೇ ಜಾತಿ, ಹದವಾದ ಕಾವು, ಒತ್ತಡ.

ಫೇರಿಂಗಿನ ಪ್ಲಾಸ್ಟಿಕ್ ಬೇಕಲೈಟ್ ಸ್ವಿಚ್ಚಿನ ಹಾಗಲ್ಲ. ಬೇಕಲೈಟ್ ಒಮ್ಮೆ ಗಟ್ಟಿಯಾಯಿತೆಂದರೆ ಮತ್ತೆ ಕರಗದು, ಕರಿಯಾಗುತ್ತದೆ. ಬೈಕಿನ ಪ್ಯಾನೆಲ್ಲುಗಳು ಬಹುಪಾಲು ಎಬಿಎಸ್ (ಬ್ರೇಕಿನ ಎಬಿಎಸ್ ಅಲ್ಲ, ಅಕ್ರಿಲೋನೈಟ್ರೈಲ್, ಬ್ಯುಟಡೈಯೀನ್, ಸ್ಟೈರೀನ್ ಎಂಬ ಮೂರು ಕೂಡಿದ ಪ್ಲಾಸ್ಟಿಕ್) ಅಥವಾ ಪಾಲಿಪ್ರೊಪಿಲೀನ್, ಅಂದರೆ ಪಿಪಿ. ಎರಡೂ ಕಾಯಿಸಿದಷ್ಟು ಸಲ ಮೆದುವಾಗುತ್ತವೆ, ಆರಿದಷ್ಟು ಸಲ ಗಟ್ಟಿಯಾಗುತ್ತವೆ. ಕಾರ್ಖಾನೆಯಲ್ಲಿ ಪ್ಯಾನೆಲ್ ಹುಟ್ಟಿದ್ದೇ ಕರಗಿದ ಎಬಿಎಸ್ ಅಚ್ಚಿನೊಳಗೆ ನುಗ್ಗಿ. ಹುಟ್ಟುವಾಗ ಕರಗಿದ್ದು ಒಡೆದ ಮೇಲೆ ಕರಗುವುದಿಲ್ಲ ಎನ್ನುವುದು ಯಾವ ರಸಾಯನಶಾಸ್ತ್ರವೋ ಕಾಣೆ.

ಯಾವ ಪ್ಲಾಸ್ಟಿಕ್ ಎಂದು ತಿಳಿಯಲು ಪ್ರಯೋಗಾಲಯ ಬೇಡ. ಪ್ಯಾನೆಲ್ ಬಿಚ್ಚಿ ಬೆನ್ನು ತಿರುಗಿಸಿ. ಧೂಳು ಒರೆಸಿದರೆ, ಎದುರುಬದುರಾದ ಎರಡು ಬಾಣದ ಮೊನೆಗಳ ನಡುವೆ ಎಬಿಎಸ್ ಎಂದೋ ಪಿಪಿ ಎಂದೋ ಅಚ್ಚೊತ್ತಿದ ಇಂಗ್ಲಿಷ್ ಅಕ್ಷರಗಳು ಸಾಮಾನ್ಯವಾಗಿ ಸಿಗುತ್ತವೆ. ಸಿಗದಿದ್ದರೆ ಕಾಣದ ಅಂಚಿನಿಂದ ಬಣ್ಣ ಕೆರೆದು, ಬರಿ ಪ್ಲಾಸ್ಟಿಕ್ಕಿನ ಒಂದು ಚಕ್ಕೆಯನ್ನು ಲೋಟದ ನೀರಿಗೆ ಹಾಕಿ ಬೆರಳಿಂದ ಅದ್ದಿ ಬಿಡಿ. ಪಿಪಿ ತೇಲುತ್ತದೆ, ಅದರ ಸಾಂದ್ರತೆ ನೀರಿಗಿಂತ ಕಡಿಮೆ, ಸುಮಾರು 0.9. ಎಬಿಎಸ್ ಸುಮಾರು 1.05, ತಳ ಸೇರುತ್ತದೆ. ಟಾಲ್ಕ್ ಬೆರೆಸಿದ ಪಿಪಿ ಕೆಲವೊಮ್ಮೆ ಮುಳುಗಿ ಮೋಸ ಮಾಡುವುದುಂಟು. ಅನುಮಾನವಿದ್ದರೆ ಕೆರೆದ ಜಾಗಕ್ಕೆ ಒಂದು ಹನಿ ಅಸಿಟೋನ್ ಬಿಟ್ಟು ನೋಡಬೇಕು. ಎಬಿಎಸ್ ಆದರೆ ಅಂಟಂಟಾಗುತ್ತದೆ, ಪಿಪಿ ಆದರೆ ಏನೂ ಆಗದೆ ಆರುತ್ತದೆ. ಐದು ನಿಮಿಷದ ಕೆಲಸ. ‘ಕೂಡಲ್ಲ’ ಎಂದವರಲ್ಲಿ ಎಷ್ಟು ಮಂದಿ ಪ್ಯಾನೆಲ್ಲಿನ ಬೆನ್ನು ತಿರುಗಿಸಿ ನೋಡಿದ್ದಾರೆ?

ಈ ನಂಬಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ ಎಂಬುದನ್ನೂ ಒಪ್ಪಬೇಕು. ಅದನ್ನು ಬೆಳೆಸಿದ್ದು ಕೆಟ್ಟ ರಿಪೇರಿ. ಸೀಳಿಗೆ ಫೆವಿಕ್ವಿಕ್ ಹಿಂಡುವುದು, ಹಿಂದೆ ಎಂ-ಸೀಲ್ ಮೆತ್ತುವುದು, ಮೇಲೆ ಸ್ಟಿಕರ್. ಹಂಪು ದಾಟಿದರೆ ಮತ್ತೆ ಬಾಯಿ ಬಿಡುತ್ತದೆ, ಜನ ಪ್ಲಾಸ್ಟಿಕ್ಕನ್ನು ಬಯ್ಯುತ್ತಾರೆ. ಕ್ವಿಕ್ ಗಮ್ ಒಣಗಿದಾಗ ಗಾಜಿನಂತೆ ಬಿರುಸು. ಒಡೆದ ಬೊಂಬೆಯ ಕಿವಿ ಅಂಟಿಸಲು ಸರಿ. ಸಿಂಗಲ್ ಸಿಲಿಂಡರ್ ಎಂಜಿನ್ನಿನ ನಡುಕವನ್ನು ದಿನವಿಡೀ ತಿನ್ನುವ ಪ್ಯಾನೆಲ್ಲಿಗೆ ಅದು ತಕ್ಕುದಲ್ಲ. ಎಂ-ಸೀಲ್ ಗಟ್ಟಿಯೇನೋ ಹೌದು, ಆದರೆ ಪ್ಯಾನೆಲ್ ಬಳುಕುವಾಗ ಅದು ಬಳುಕದೆ ಬಿಲ್ಲೆಯಾಗಿ ಕಿತ್ತು ಬರುತ್ತದೆ. ಇನ್ನು ಪಿಪಿಯ ಮೇಲಂತೂ ಇವೆರಡೇ ಅಲ್ಲ, ಫೈಬರ್ ಮ್ಯಾಟ್ ಹಾಸಿ ಸುರಿದ ರೆಸಿನ್ ಕೂಡ ಸರಿಯಾಗಿ ಹಿಡಿಯದು. ಹೀಗೆ ಮಾಡಿ ಸೋತವರ ಸಾಕ್ಷಿಯಿಂದ ‘ರಿಪೇರಿಯೇ ಆಗದು’ ಎಂಬ ತೀರ್ಮಾನಕ್ಕೆ ಬರುವುದು ನ್ಯಾಯವಲ್ಲ. ಅವರು ಮಾಡಿದ್ದು ಮೇಲಿಂದ ಅಂಟಿಸುವ ಕೆಲಸ. ಕೂಡಿಸುವ ಕೆಲಸವನ್ನು ಅವರು ಮಾಡಿಯೇ ಇಲ್ಲ.

ಕೂಡಿಸುವ ಕೆಲಸ ಬೇರೆ ಥರ. ಬೆಂಗಳೂರಿನಲ್ಲಿ ಬಂಪರ್ ಪೇಂಟಿಂಗ್ ಮಾಡುವ ಒಬ್ಬರು ಕರಿಜ್ಮಾದ ಪಕ್ಕದ ಪ್ಯಾನೆಲ್ ಒಂದನ್ನು ಸರಿಮಾಡುವುದನ್ನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಮೊದಲು ಸೋಪು ನೀರಿನಲ್ಲಿ ತೊಳೆದು ಒಣಗಿಸಿದರು. ಚೈನ್ ಲ್ಯೂಬಿನ ಜಿಡ್ಡು ಸೀಳಿನೊಳಗೆ ಕೂತಿದ್ದರೆ ಮುಂದಿನದೆಲ್ಲ ವ್ಯರ್ಥ. ಆಮೇಲೆ ಸೀಳು ಎಲ್ಲಿ ನಿಂತಿದೆ ಎಂದು ಬೆಳಕಿಗೆ ಹಿಡಿದು ಹುಡುಕಿದರು. ಬಣ್ಣದ ಮೇಲೆ ಕಾಣುವ ಗೆರೆ ಮುಗಿದರೂ ಒಳಗಿನ ಸೀಳು ಇನ್ನಷ್ಟು ಮುಂದೆ ಹೋಗಿರುತ್ತದಂತೆ. ಅದರ ತುದಿಗೆ ಎರಡು ಮಿಲಿಮೀಟರಿನ ಒಂದು ತೂತು. ಸೀಳಿನ ಚೂಪು ತುದಿಯಲ್ಲೇ ಎಲ್ಲ ಎಳೆತ ಬಂದು ಸೇರುವುದರಿಂದ ಅದು ಮುಂದಕ್ಕೆ ಹರಿಯುತ್ತದೆ. ತುದಿಯನ್ನು ದುಂಡಗೆ ಮಾಡಿದರೆ ಓಟ ನಿಲ್ಲುತ್ತದೆ. ಲೋಹದ ತಗಡಿನ ಬಿರುಕಿಗೂ ಇದೇ ಮದ್ದು.

ಮುಂದೆ ಹಿಂಬದಿಯಿಂದ ಸೀಳಿನುದ್ದಕ್ಕೂ ಇಂಗ್ಲಿಷಿನ ‘ವಿ’ ಆಕಾರದ ಕಾಲುವೆ ಕೆತ್ತಿದರು. ಸಾಲ್ಡರಿಂಗ್ ಐರನ್ ಕಾಯಿಸಿ ಅಲ್ಲಲ್ಲಿ ಚುಚ್ಚಿ, ಎರಡೂ ಬದಿ ಮಟ್ಟವಾಗಿ ಕೂರುವಂತೆ ತಾತ್ಕಾಲಿಕ ಹೊಲಿಗೆ ಹಾಕಿದರು. ಆಮೇಲೆ ಸ್ಟೀಲ್ ಜಾಲರಿಯ ಬೆರಳಗಲದ ಪಟ್ಟಿಯನ್ನು ಸೀಳಿನ ಮೇಲಿಟ್ಟು ಐರನ್ನಿನಿಂದ ಒತ್ತಿದರು. ಜಾಲರಿ ಬಿಸಿಯಾಗಿ ಪ್ಲಾಸ್ಟಿಕ್ಕಿನೊಳಕ್ಕೆ ಇಳಿಯಿತು, ಅದರ ಕಣ್ಣುಗಳಿಂದ ಕರಗಿದ ಎಬಿಎಸ್ ಮೇಲಕ್ಕೆ ಉಕ್ಕಿತು. ಮೇಲೆ ತುಂಬಲು ಬೇಕಾದ ಪ್ಲಾಸ್ಟಿಕ್ ಎಲ್ಲಿಂದ? ಗುಜರಿಯಿಂದ ತಂದ ಇನ್ನೊಂದು ಸತ್ತ ಪ್ಯಾನೆಲ್ಲಿನಿಂದ ಕತ್ತರಿಸಿದ ಕಡ್ಡಿಗಳು. ಈಗ ತ್ರೀಡಿ ಪ್ರಿಂಟರಿಗೆ ಮಾರುವ 1.75 ಮಿಲಿಮೀಟರಿನ ಎಬಿಎಸ್ ದಾರವೂ ಇದಕ್ಕೆ ಚೆನ್ನಾಗಿ ಒದಗುತ್ತದೆ. ಜಾಲರಿಯ ತುದಿಗಳನ್ನು ಅವರು ನೇರವಾಗಿ ಕತ್ತರಿಸದೆ ಓರೆಯಾಗಿ ಕತ್ತರಿಸಿದ್ದರು. ಯಾಕೆಂದು ಕೇಳಿದೆ. ‘ಒಂದೇ ಗೆರೇಲಿ ಗಟ್ಟಿ ನಿಂತ್ರೆ ಆ ಗೆರೆ ಪಕ್ಕದಲ್ಲೇ ಹೊಸದಾಗಿ ಸೀಳುತ್ತೆ ಸಾರ್’ ಅಂದರು. ಯಾವ ಎಂಜಿನಿಯರಿಂಗ್ ಕಾಲೇಜಿನ ಪಾಠಕ್ಕೂ ಕಡಿಮೆಯಲ್ಲದ ಉತ್ತರ. ಗಟ್ಟಿ ಭಾಗದಿಂದ ಬಳುಕುವ ಭಾಗಕ್ಕೆ ಇಳಿಜಾರಾಗಿ ಇಳಿಯಬೇಕು, ಮೆಟ್ಟಿಲಿರಬಾರದು.

ಎಬಿಎಸ್‌ಗೆ ಇನ್ನೊಂದು ದಾರಿಯೂ ಇದೆ. ಸತ್ತ ಪ್ಯಾನೆಲ್ಲಿನ ಚೂರುಗಳನ್ನು ಗಾಜಿನ ಶೀಶೆಯಲ್ಲಿ ಅಸಿಟೋನಿಗೆ ಹಾಕಿ ಮುಚ್ಚಿಟ್ಟರೆ ಬೆಳಗಿನ ಹೊತ್ತಿಗೆ ಗಂಜಿಯಾಗುತ್ತದೆ. ಅದನ್ನು ಸೀಳಿಗೆ ತುಂಬಿದರೆ ಅಸಿಟೋನ್ ಆರಿಹೋಗಿ ಎಬಿಎಸ್ ಮಾತ್ರ ಉಳಿಯುತ್ತದೆ. ತೆಳ್ಳಗೆ, ಪದರ ಪದರವಾಗಿ ಹಾಕಬೇಕು, ದಿನಗಟ್ಟಲೆ ಕಾಯಬೇಕು. ಆತುರಪಟ್ಟು ದಪ್ಪಗೆ ಬಳಿದರೆ ಒಳಗೆ ಗುಳ್ಳೆ ಉಳಿಯುತ್ತದೆ. ಉಗುರಿನ ಬಣ್ಣ ತೆಗೆಯುವ ದ್ರವದಲ್ಲಿ ನೀರು, ಎಣ್ಣೆ, ಪರಿಮಳ ಏನೇನೋ ಬೆರೆತಿರುತ್ತದೆ, ಅದು ಬೇಡ. ಎರಡೂ ಕೆಲಸವನ್ನು ಬಯಲಿನಲ್ಲಿ ಮಾಡಬೇಕು. ಕರಗುವ ಎಬಿಎಸ್‌ನ ಹೊಗೆ ಒಳ್ಳೆಯದಲ್ಲ, ಅಸಿಟೋನ್ ಹತ್ತಿರ ಬೆಂಕಿ ಸುಳಿಯಬಾರದು. ಪಿಪಿಗೆ ಈ ಗಂಜಿ ನಡೆಯದು, ಅದಕ್ಕೆ ಪಿಪಿ ಕಡ್ಡಿಯೂ ಬಿಸಿಯೂ ಮಾತ್ರ.

ಇಷ್ಟು ಹೇಳಿದಾಗ ಬರುವ ಉತ್ತರ ಗೊತ್ತಿದೆ: ‘ಇಷ್ಟೆಲ್ಲ ಒದ್ದಾಡೋ ಬದಲು ಹೊಸದೇ ಹಾಕಬಾರದೇ?’ ಹೊಸ ಬೈಕಿಗಾದರೆ ಹಾಕಿ, ನನ್ನ ಅಡ್ಡಿಯಿಲ್ಲ. ಹಳೇ ಬೈಕಿಗೆ ಆ ‘ಹೊಸದು’ ಎಲ್ಲಿದೆ? ಶೋರೂಮಿನಲ್ಲಿ ನನಗೆ ಸಿಕ್ಕಿದ್ದು ‘ಆರ್ಡರ್ ಹಾಕ್ತೀವಿ, ಬಂದ್ರೆ ಫೋನ್ ಮಾಡ್ತೀವಿ’ ಎಂಬ ಭರವಸೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕೇಳಿದರೆ ಪ್ಯಾನೆಲ್ ಉಂಟು, ಆದರೆ ಡೂಪ್ಲಿಕೇಟ್. ಅದನ್ನು ಕೈಯಲ್ಲಿ ಹಿಡಿದು ಹಳೇ ಒರಿಜಿನಲ್ ಪಕ್ಕಕ್ಕಿಟ್ಟು ನೋಡಿ. ಗೋಡೆ ತೆಳು. ಒಳಬದಿಯ ಬಲಪಟ್ಟಿಗಳಲ್ಲಿ ಕೆಲವು ಮಾಯ. ಸ್ಕ್ರೂ ತೂತು ಮೂರು ಮಿಲಿಮೀಟರ್ ಆಚೆ. ಫಿಟ್ ಮಾಡುವ ಹುಡುಗ ಮೊಣಕೈಯಿಂದ ಒತ್ತಿ, ಎಳೆದು, ಸ್ಕ್ರೂ ಬಿಗಿದುಬಿಡುತ್ತಾನೆ. ಅಲ್ಲಿಗೆ ಹೊಸ ಪ್ಯಾನೆಲ್ ಮೊದಲ ದಿನದಿಂದಲೇ ಎಳೆತದಲ್ಲಿ ಬದುಕುತ್ತದೆ, ಮಳೆಗಾಲ ಮುಗಿಯುವುದರೊಳಗೆ ಸ್ಕ್ರೂ ಸುತ್ತ ನಕ್ಷತ್ರದಂತೆ ಬಿರಿಯುತ್ತದೆ. ಹಾಗಾಗಿ ಹಳೇ ಬೈಕಿನ ಯಜಮಾನನ ಮುಂದೆ ನಿಜಕ್ಕೂ ಇರುವ ಆಯ್ಕೆ ಕಂಪನಿಯ ಹೊಸದೋ ರಿಪೇರಿಯಾದ ಹಳೆಯದೋ ಎಂಬುದಲ್ಲ; ಹೊಂದದ ನಕಲಿಯೋ ಬೆನ್ನ ಮೇಲೆ ಗಾಯದ ಗುರುತಿರುವ ಅಸಲಿಯೋ ಎಂಬುದು. ‘ಸ್ಟಾಕ್ ಕಂಡೀಶನ್’ ಎಂದು ಜಪಿಸುವ ಹಳೇ ಬೈಕ್ ಪ್ರಿಯರು ರಿಪೇರಿ ಎಂದರೆ ಮೂಗು ಮುರಿಯುತ್ತಾರಲ್ಲ, ಅವರು ಇದನ್ನು ಯೋಚಿಸಬೇಕು. ಒಳಬದಿಯಲ್ಲಿ ಬೆಸೆದ ಕಾರ್ಖಾನೆಯ ಪ್ಯಾನೆಲ್ ಯಾವ ನಕಲಿಗಿಂತಲೂ ಹೆಚ್ಚು ಸ್ಟಾಕ್.

ಇಲ್ಲಿ ದುಡ್ಡಿನ ಲೆಕ್ಕವೂ ಇದೆ. ಶೋರೂಮಿನಲ್ಲಿ ಪ್ಯಾನೆಲ್ ಬದಲಿಸುವುದೆಂದರೆ ಸ್ಕ್ರೂ ಬಿಚ್ಚಿ ಸ್ಕ್ರೂ ಹಾಕುವ ಕೆಲಸ. ಲಾಭ ಇರುವುದು ಬಿಡಿಭಾಗದ ಬೆಲೆಯಲ್ಲಿ. ರಿಪೇರಿಯಲ್ಲಿ ಬಿಡಿಭಾಗವೇ ಇಲ್ಲ, ಇರುವುದು ಕಲಿತ ಕೈಯ ಅರ್ಧ ದಿನ. ಬಿಲ್ಲಿನಲ್ಲಿ ಆ ಅರ್ಧ ದಿನಕ್ಕೆ ಕಲಮೇ ಇಲ್ಲ. ಇನ್ಶೂರೆನ್ಸ್ ಇದಕ್ಕೆ ಮುದ್ರೆ ಒತ್ತಿದೆ. 2002ರ ಅಖಿಲ ಭಾರತ ಮೋಟಾರ್ ಟಾರಿಫ್‌ನಲ್ಲಿ ಬಂದ ಸವಕಳಿ ಪಟ್ಟಿಯ ಪ್ರಕಾರ ಬದಲಾಯಿಸುವ ಪ್ಲಾಸ್ಟಿಕ್, ರಬ್ಬರ್, ನೈಲಾನ್ ಭಾಗಗಳಿಗೆ ಶೇ 50 ಕಡಿತ, ಫೈಬರ್ ಗ್ಲಾಸಿಗೆ ಶೇ 30, ಗಾಜಿಗೆ ಸೊನ್ನೆ. ಲೋಹದ ಭಾಗಕ್ಕೆ ವಾಹನದ ವಯಸ್ಸಿನ ಮೇಲೆ ಕಡಿತ ಏರುತ್ತ ಹೋಗುತ್ತದೆ. ಪ್ಲಾಸ್ಟಿಕ್ಕಿಗೆ ಮಾತ್ರ ಬೈಕು ನಿನ್ನೆ ಶೋರೂಮಿನಿಂದ ಬಂದಿದ್ದರೂ ಅರ್ಧ. ಜೀರೋ ಡೆಪ್, ಅಂದರೆ ಸವಕಳಿ ಕಡಿತವಿಲ್ಲದ ವಿಮೆ, ತೆಗೆದುಕೊಳ್ಳದವನು ಹೊಸ ಪ್ಯಾನೆಲ್ಲಿನ ಅರ್ಧ ಬೆಲೆಯನ್ನು ಹೇಗಿದ್ದರೂ ತಾನೇ ತೆರಬೇಕು, ಮೇಲೆ ನೋ ಕ್ಲೇಮ್ ಬೋನಸ್ ಕಳೆದುಕೊಳ್ಳಬೇಕು. ಹಳೇ ಬೈಕುಗಳಲ್ಲಿ ಬಹಳಷ್ಟಕ್ಕೆ ಇರುವುದು ಥರ್ಡ್ ಪಾರ್ಟಿ ವಿಮೆಯಷ್ಟೇ. ಅವುಗಳ ಯಜಮಾನನ ಕೈಗೆ ಆ ಅರ್ಧವೂ ಬರುವುದಿಲ್ಲ. ಅಂಥವನಿಗೂ ಹೊಸದು ಹಾಕಿಸು ಎಂಬ ಅದೇ ಸಲಹೆ!

ಸುರಕ್ಷತೆಯ ಮಾತನ್ನು ಎತ್ತುವವರೂ ಇದ್ದಾರೆ. ಅದು ಹೊಸ ವಾದವಲ್ಲ. ಭಾರತದ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ₹2,544 ಕೋಟಿಗೂ ಹೆಚ್ಚು ದಂಡ ಹಾಕಿತು. ಅಸಲಿ ಬಿಡಿಭಾಗಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಕಟ್ಟಿಹಾಕಿದ್ದಾರೆ ಎಂಬುದು ಆರೋಪ. ತರಬೇತಿಯಿಲ್ಲದವರ ಕೈಗೆ ಕೊಟ್ಟರೆ ಅಪಾಯ ಎಂದು ಕಂಪನಿಗಳು ವಾದಿಸಿದವು, ಆಯೋಗ ಒಪ್ಪಲಿಲ್ಲ. ದಂಡದ ವಿಷಯ ಮೇಲ್ಮನವಿಗೆ ಹೋಯಿತು, ಅದರಲ್ಲಿ ಬೈಕುಗಳೂ ಇರಲಿಲ್ಲ; ಆದರೆ ವಾದದ ಧಾಟಿ ಒಂದೇ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಾಗ ಆಯ್ದ ನಾಲ್ಕು ಕ್ಷೇತ್ರಗಳಲ್ಲಿ ವಾಹನವೂ ಒಂದು. ಪೋರ್ಟಲ್ ತೆರೆದರೆ ಮನೋಭಾವ ಬದಲಾಗುತ್ತದೆಯೇ ಎನ್ನುವುದು ಬೇರೆ ಮಾತು.

ರಿಪೇರಿ ಮಾಡಲೇಬಾರದವೂ ಇವೆ ಎಂಬುದನ್ನು ನಾನೇ ಹೇಳುತ್ತೇನೆ. ಹೆಲ್ಮೆಟ್ ಬಿರಿದರೆ ಗುಜರಿಗೆ ಹಾಕಿ, ಬೇರೆ ಮಾತೇ ಬೇಡ. ಅದು ಪೆಟ್ಟು ತಿನ್ನಲೆಂದೇ ಇರುವುದು, ಅದರ ಸೀಳಿಗೆ ಬೆಸುಗೆ ಹಾಕುವವನು ಕೊಲೆಗಡುಕ. ಹ್ಯಾಂಡಲ್ ತಿರುಗಿಸಿದಾಗ ತಗಲುವಂತೆ ಜೋತ ಮುಂಭಾಗವನ್ನು ಹಾಗೇ ಇಟ್ಟುಕೊಂಡು ಓಡಿಸಬಾರದು. ಹೆಡ್‌ಲೈಟಿನ ಮುಂದಿನ ಪಾರದರ್ಶಕ ಮುಚ್ಚಳ ಬೆಸೆದರೆ ಬೆಳಕು ಚದುರುತ್ತದೆ. ಬಿಸಿಲಲ್ಲಿ ವರ್ಷಗಟ್ಟಲೆ ನಿಂತು ಸತ್ತ ಪ್ಯಾನೆಲ್ಲೂ ಉಂಟು. ಎಬಿಎಸ್‌ನೊಳಗಿನ ರಬ್ಬರಿನಂಥ ಬ್ಯುಟಡೈಯೀನ್ ಭಾಗವನ್ನು ಸೂರ್ಯನ ಅತಿನೇರಳೆ ಕಿರಣ ತಿಂದುಹಾಕಿರುತ್ತದೆ, ಅಂಚನ್ನು ಬಗ್ಗಿಸಿದರೆ ಹಪ್ಪಳದಂತೆ ಮುರಿಯುತ್ತದೆ. ಅದಕ್ಕೆ ಯಾವ ಜಾಲರಿಯೂ ಜೀವ ಕೊಡದು. ಇದು ಬಿಟ್ಟರೆ, ಮಡ್‌ಗಾರ್ಡಿನ ಪಕ್ಕ, ಟೈಲ್ ಪ್ಯಾನೆಲ್, ಪಕ್ಕದ ಫೇರಿಂಗ್ ಇವೆಲ್ಲ ಗಾಳಿ, ನೀರು, ಅಂದಕ್ಕಾಗಿ ಇರುವ ಹೊದಿಕೆಗಳು. ಬೈಕಿನ ಭಾರವನ್ನು ಅವು ಹೊರುವುದಿಲ್ಲ. ಸುರಕ್ಷತೆಯ ಗುಮ್ಮನನ್ನು ಇವಕ್ಕೆ ತೋರಿಸುವುದು ಬೇಡ.

ಹೊಸದು ಹಾಕಿಸು ಎನ್ನುವವರು ಕೇಳದೇ ಬಿಡುವ ಪ್ರಶ್ನೆ ಇನ್ನೊಂದಿದೆ: ಅದು ಒಡೆದದ್ದಾದರೂ ಯಾಕೆ? ಬೈಕು ಬಿದ್ದು ಒಡೆದದ್ದು ಸರಿ, ಕಾರಣ ಕಣ್ಣ ಮುಂದಿದೆ. ಬೀಳದ ಬೈಕಿನ ಪ್ಯಾನೆಲ್ ಒಡೆದಿದ್ದರೆ ನೋಡಬೇಕಾದ್ದು ಅದನ್ನು ಹಿಡಿದಿರುವ ರಬ್ಬರ್ ಗ್ರಾಮೆಟ್ಟನ್ನು. ಪ್ರತಿ ಸರ್ವಿಸ್ಸಿನಲ್ಲೂ ಬಿಚ್ಚಿ ಹಾಕುವಾಗ ಒಂದೊಂದೇ ಕಳೆದುಹೋಗಿ, ಕೊನೆಗೆ ಪ್ಲಾಸ್ಟಿಕ್ಕು ಬರಿ ಲೋಹಕ್ಕೆ ಕಚ್ಚಿಕೊಂಡು ನಡುಗುತ್ತಿರುತ್ತದೆ. ಕೆಲವೊಮ್ಮೆ ಒಳಗಿನ ಕಾಲರ್, ಅಂದರೆ ಸ್ಕ್ರೂ ಮತ್ತು ಪ್ಲಾಸ್ಟಿಕ್ ನಡುವಿನ ಲೋಹದ ಕೊಳವೆ, ಇಲ್ಲದೆ ಹೋಗಿರುತ್ತದೆ. ಬಿಗಿದ ಬಿಗಿತವೆಲ್ಲ ಪ್ಲಾಸ್ಟಿಕ್ಕಿನ ಕುತ್ತಿಗೆಗೆ. ಹಿಂದೆಂದೋ ಬಿದ್ದಾಗ ಮುಂದಿನ ಫೇರಿಂಗ್ ಹೊತ್ತಿರುವ ಸ್ಟೇ ಬಾಗಿದ್ದು ನೆಟ್ಟಗಾಗದೇ ಉಳಿದಿರುವುದೂ ಸಾಮಾನ್ಯ. ಇವನ್ನು ಸರಿಮಾಡದೆ ಹಾಕಿದ ಕಂಪನಿಯ ಹೊಚ್ಚ ಹೊಸ ಪ್ಯಾನೆಲ್ಲೂ ಅದೇ ಜಾಗದಲ್ಲಿ ಸೀಳುತ್ತದೆ. ರಿಪೇರಿ ಮಾಡುವವನು ಹಾಳಾದ ಜಾಗವನ್ನು ಗಂಟೆಗಟ್ಟಲೆ ಕಣ್ಣಿಗೆ ಹತ್ತಿರ ಹಿಡಿದು ಕೂತಿರುವುದರಿಂದ ಕಾರಣ ಅವನಿಗೆ ಕಾಣುತ್ತದೆ. ಡಬ್ಬಿ ಒಡೆದು ಹೊಸದು ಹಾಕುವವನಿಗೆ ಕಾಣಬೇಕಾದ ಅಗತ್ಯವೇ ಬೀಳುವುದಿಲ್ಲ. ಒಂದು ಗ್ರಾಮೆಟ್ ಕೇಳಿದರೆ ‘ಬಿಡಿ ಬರಲ್ಲ ಸಾರ್, ಸೆಟ್’ ಎಂಬ ಉತ್ತರ ಕೌಂಟರಿನಲ್ಲಿ ಸಿದ್ಧವಾಗಿರುತ್ತದೆ. ಕೆಲವೇ ರೂಪಾಯಿಯ ರಬ್ಬರನ್ನು ಬಿಡಿಯಾಗಿ ಮಾರಿದ್ದರೆ ಎಷ್ಟು ಪ್ಯಾನೆಲ್ಲುಗಳು ಒಡೆಯದೇ ಉಳಿಯುತ್ತಿದ್ದವೋ.

ಕಡೆಗೆ ಉಳಿಯುವ ಆಕ್ಷೇಪ ಬಣ್ಣದ್ದು. ‘ಮ್ಯಾಚ್ ಆಗಲ್ಲ.’ ಸೀಳಿನ ಮೇಲಷ್ಟೇ ಬಳಿದರೆ ಆಗುವುದಿಲ್ಲ ನಿಜ. 220ರ ಪೇಪರಿನಿಂದ ಶುರುಮಾಡಿ 800ರ ತನಕ ನೀರು ಹಾಕಿ ಉಜ್ಜಿ, ಪ್ಲಾಸ್ಟಿಕ್ ಪ್ರೈಮರ್ ಕೊಟ್ಟು, ಇಡೀ ಪ್ಯಾನೆಲ್ಲಿಗೆ ಬಣ್ಣ ಹೊಡೆಯಬೇಕು. ಪ್ರೈಮರ್ ಉಳಿಸಿದವನ ಬಣ್ಣ ಪೊರೆಯಂತೆ ಏಳುತ್ತದೆ. ಹಳೇ ಗ್ರಾಫಿಕ್ಸನ್ನು ಬಣ್ಣ ಹೊಡೆಯುವ ಮೊದಲೇ ಬೆಣ್ಣೆ ಕಾಗದದ ಮೇಲೆ ಎತ್ತಿಕೊಂಡಿದ್ದರೆ ರೇಡಿಯಂ ಅಂಗಡಿಯವನು ಅಳತೆಗೆ ಕತ್ತರಿಸಿ ಕೊಡುತ್ತಾನೆ. ಇಷ್ಟಾದರೂ ಟ್ಯಾಂಕಿನ ಕೆಂಪಿಗೂ ಪ್ಯಾನೆಲ್ಲಿನ ಕೆಂಪಿಗೂ ಕೊಂಚ ವ್ಯತ್ಯಾಸ ಉಳಿಯಬಹುದು. ಯಾಕೆಂದರೆ ಟ್ಯಾಂಕು ಇಪ್ಪತ್ತು ವರ್ಷ ಬಿಸಿಲು ಕಂಡಿದೆ. ಕಂಪನಿಯ ಸೀಲು ಒಡೆಯದ ಡಬ್ಬಿಯಿಂದ ತೆಗೆದ ಪ್ಯಾನೆಲ್ಲನ್ನೇ ಹಾಕಿದರೂ ಅಷ್ಟೇ ವ್ಯತ್ಯಾಸ ಇರುತ್ತದೆ. ಪೇಂಟರ್ ಆದರೆ ಟ್ಯಾಂಕಿನ ಪಕ್ಕ ಹಿಡಿದು ನೋಡಿ ಇನ್ನೆರಡು ಹನಿ ಬೆರೆಸುತ್ತಾನೆ. ಡಬ್ಬಿಯೊಳಗಿನ ಬಣ್ಣಕ್ಕೆ ಆ ಸೌಕರ್ಯವಿಲ್ಲ.